ಗಂಜಿನಿಂದ ವಿಧಾನಸೌಧಕ್ಕೆ: ವ್ಯಾಪಾರಿ ಶಾಸಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ವ್ಯಾಪಾರಿಗಳ ಲೆಕ್ಕಪತ್ರ, ತೆರಿಗೆ ರಿಟರ್ನ್ ನೋಡಿಕೊಳ್ಳುವುದು ನನ್ನ ಕೆಲಸ. ಚುನಾವಣೆ ಹತ್ತಿರ ಬಂತೆಂದರೆ ಕಚೇರಿಗೆ ಎರಡು ನಮೂನೆಯ ಜನ ಬರುತ್ತಾರೆ. ನಿಲ್ಲಬೇಕೆಂದಿರುವ ಸಾಹುಕಾರರು ಫೈಲು ಹಿಡಿದು ಬರುತ್ತಾರೆ. ಅವರಿಗೆ ಓಟು ಹಾಕಬೇಕೋ ಬೇಡವೋ ಎಂದು ಯೋಚಿಸುವವರು ಚಹಾದ ನೆಪ ಮಾಡಿಕೊಂಡು ಬರುತ್ತಾರೆ. ಇಬ್ಬರ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಪಕ್ಷದ ಮಾತು ಇಲ್ಲಿ ಇಲ್ಲ. ನನ್ನ ಅಭಿಪ್ರಾಯ ಅಲ್ಲಲ್ಲಿ ಇದೆ, ಅದನ್ನು ಬೇಕಾದರೆ ಬಿಟ್ಟು ಓದಿ.

ನಮ್ಮ ಭಾಗದಲ್ಲಿ ಯಾವ ಯಾವ ವ್ಯಾಪಾರದವರು ರಾಜಕೀಯಕ್ಕೆ ಬರುತ್ತಾರೆ?

ಕಲಬುರಗಿಯಲ್ಲಾದರೆ ಗಂಜಿನ (ಧಾನ್ಯ ಮಾರುಕಟ್ಟೆಯ) ಅಡತ್, ಅಂದರೆ ದಲಾಲಿ ಅಂಗಡಿಯವರು, ದಾಲ್ ಮಿಲ್‌ನವರು, ಪಿಡಬ್ಲ್ಯುಡಿ ಗುತ್ತಿಗೆದಾರರು, ರಿಂಗ್ ರೋಡ್ ಸುತ್ತ ಲೇಔಟ್ ಮಾಡಿದವರು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಪರಸಿ ಕಲ್ಲಿನ (ನೆಲಕ್ಕೆ ಹಾಸುವ ಕಲ್ಲಿನ) ಗಣಿಯವರು, ಸಿಮೆಂಟ್ ಕಾರ್ಖಾನೆಗೆ ಲಾರಿ ಓಡಿಸುವವರು. ಬೀದರ್‌ನಲ್ಲಿ ಸಕ್ಕರೆ ಮತ್ತು ಸಹಕಾರಿ ಬ್ಯಾಂಕು. ಯಾದಗಿರಿಯ ಶಹಾಪುರ, ಸುರಪುರದಲ್ಲಿ ನಾರಾಯಣಪುರ ಕಾಲುವೆಯ ನೀರು ಬಂದ ಮೇಲೆ ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ ಬಂದವು. ಮೂರೂ ಜಿಲ್ಲೆಗೆ ಸಾಮಾನ್ಯವಾದದ್ದು ಶಾಲೆ-ಕಾಲೇಜು ನಡೆಸುವವರು. ಅದನ್ನು ವ್ಯಾಪಾರ ಎಂದರೆ ಅವರಿಗೆ ಸಿಟ್ಟು ಬರುತ್ತದೆ, ಆದರೆ ಲೆಕ್ಕ ಬರೆಯುವವನಿಗೆ ಫೀಸು ಫೀಸೇ.

ಈ ಪಟ್ಟಿಯಲ್ಲಿ ಒಂದು ಸಂಗತಿ ಗಮನಿಸಿ. ಸರ್ಕಾರದ ಬಾಗಿಲು ತಟ್ಟದೆ ನಡೆಯುವ ಧಂದೆ ಇದರಲ್ಲಿ ಒಂದೂ ಇಲ್ಲ. ತೊಗರಿಗೆ ಬೆಂಬಲ ಬೆಲೆ, ಕಬ್ಬಿಗೆ ಎಫ್‌ಆರ್‌ಪಿ (ಕೇಂದ್ರ ಗೊತ್ತುಮಾಡುವ ಕನಿಷ್ಠ ಬೆಲೆ), ಕಲ್ಲಿಗೆ ಗಣಿ ಇಲಾಖೆ, ಪ್ಲಾಟಿಗೆ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ಕಾಲೇಜಿಗೆ ಮಾನ್ಯತೆ. ಮುಂದಿನ ಎಷ್ಟೋ ಪ್ರಶ್ನೆಗಳು ಇದರಿಂದಲೇ ಹುಟ್ಟುತ್ತವೆ.

ಮೊದಲಿನವರೂ ಹೀಗೇ ವ್ಯಾಪಾರದಿಂದ ಬಂದವರೇ?

ಹೆಸರು ಮಾಡಿದವರಲ್ಲಿ ವಕೀಲರೇ ಎದ್ದು ಕಾಣುತ್ತಾರೆ. ಚಿಂಚೋಳಿಯ ವೀರೇಂದ್ರ ಪಾಟೀಲರು ಎರಡು ಸಲ ಮುಖ್ಯಮಂತ್ರಿಯಾದರು, ಜೇವರ್ಗಿಯ ಧರಂ ಸಿಂಗ್ 2004ರಲ್ಲಿ ಆದರು. ಇಬ್ಬರೂ ಕಾನೂನು ಓದಿದವರು. ಮಲ್ಲಿಕಾರ್ಜುನ ಖರ್ಗೆಯವರು ಎಂಎಸ್‌ಕೆ ಬಟ್ಟೆ ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾಗಿದ್ದವರು. 1972ರಲ್ಲಿ ಗುರುಮಠಕಲ್‌ನಿಂದ ಗೆದ್ದು, 2008ರಲ್ಲಿ ಚಿತ್ತಾಪುರ ಸೇರಿ ಸತತ ಒಂಬತ್ತು ಸಲ ವಿಧಾನಸಭೆಗೆ ಹೋದರು. ಬೀದರ್‌ನ ದಾರಿ ಸ್ವಲ್ಪ ಬೇರೆ. ಅಲ್ಲಿ ಗುರುಪಾದಪ್ಪ ನಾಗಮಾರಪಳ್ಳಿಯವರ ಹಾಗೆ ಡಿಸಿಸಿ (ಜಿಲ್ಲಾ ಸಹಕಾರಿ) ಬ್ಯಾಂಕು, ಸಕ್ಕರೆ ಕಾರ್ಖಾನೆ ಕಟ್ಟಿಕೊಂಡು ಬೆಳೆದ ಸಹಕಾರಿ ಧುರೀಣರ ಸಾಲು ಇದೆ. ಸ್ವಂತ ಬಂಡವಾಳದ ವ್ಯಾಪಾರಿ ಮುಂದೆ ಬಂದದ್ದು ಚುನಾವಣೆಯ ಖರ್ಚು ಏರಿದ ಹಾಗೆ. ಇದು ನಮ್ಮ ಭಾಗಕ್ಕಷ್ಟೇ ಸೇರಿದ ಕಥೆಯಲ್ಲ.

ನೇರವಾಗಿ ಎಂಎಲ್‌ಎ ಟಿಕೆಟ್ ಸಿಗುತ್ತದೆಯೇ? ಮೊದಲು ಎಲ್ಲಿ ಕಾಲೂರಬೇಕು?

ಸಿಕ್ಕವರಿದ್ದಾರೆ. ಆದರೆ ಸಾಮಾನ್ಯ ಮೆಟ್ಟಿಲು ಹೀಗೆ: ಮೊದಲು ಮಾರುಕಟ್ಟೆಯ ಸಂಘ ಅಥವಾ ಚೇಂಬರ್ ಆಫ್ ಕಾಮರ್ಸ್ ಚುನಾವಣೆ, ಆಮೇಲೆ ಎಪಿಎಂಸಿ, ಡಿಸಿಸಿ ಬ್ಯಾಂಕು ಅಥವಾ ಶಿಕ್ಷಣ ಸಂಸ್ಥೆಯ ಆಡಳಿತ ಮಂಡಳಿ. ಕಲಬುರಗಿಯಲ್ಲಿ ಎಚ್‌ಕೆಇ (ಹೈದರಾಬಾದ್ ಕರ್ನಾಟಕ ಶಿಕ್ಷಣ) ಸೊಸೈಟಿಯ ಚುನಾವಣೆ ನೋಡಿದವರಿಗೆ ಗೊತ್ತು, ಪ್ರಚಾರದ ಬಿಸಿ ವಿಧಾನಸಭೆಗಿಂತ ಏನೂ ಕಡಿಮೆ ಇರುವುದಿಲ್ಲ. ಜಾತ್ರೆಯಲ್ಲಿ ದಾಸೋಹ, ಸಾಮೂಹಿಕ ಮದುವೆ, ಉರುಸಿಗೆ ಬರುವವರಿಗೆ ನೀರಿನ ವ್ಯವಸ್ಥೆ, ಕ್ರಿಕೆಟ್ ಟೂರ್ನಿಗೆ ಕಪ್ಪು, ಇವೆಲ್ಲ ಈ ಹಂತದ ಖರ್ಚುಗಳು. ಅಭ್ಯರ್ಥಿಯಾಗುವ ಮುಂಚಿನ ಈ ದುಡ್ಡು ಯಾವ ಚುನಾವಣಾ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದು ದಾರಿ ವಿಧಾನ ಪರಿಷತ್ತು. ಅದರ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳಿಂದ ಬರುತ್ತವೆ. ಕಲಬುರಗಿ-ಯಾದಗಿರಿಗೆ ಸೇರಿ ಒಂದು, ಬೀದರ್‌ಗೆ ಒಂದು. ಮತದಾರರು ಗ್ರಾಮ ಪಂಚಾಯಿತಿ, ಪುರಸಭೆಯಂಥ ಸ್ಥಳೀಯ ಸಂಸ್ಥೆಗಳ ಸದಸ್ಯರಷ್ಟೇ. ಕಡಿಮೆ ಓಟು, ಪ್ರತಿ ಓಟಿನ ಮನೆ ವಿಳಾಸವೂ ಗೊತ್ತು. ವ್ಯಾಪಾರದ ಬುದ್ಧಿಯವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಪರಿಷತ್ತಿಗೆ ಕನಿಷ್ಠ 30 ವರ್ಷ ಆಗಿರಬೇಕು.

ವಿಧಾನಸಭೆಗೆ ನಿಲ್ಲಲು ಅರ್ಹತೆ ಏನು? ಠೇವಣಿ ಎಷ್ಟು?

25 ವರ್ಷ ತುಂಬಿರಬೇಕು. ಕರ್ನಾಟಕದ ಯಾವುದಾದರೂ ಒಂದು ಕ್ಷೇತ್ರದ ಮತದಾರರಾಗಿದ್ದರೆ ಸಾಕು. ಔರಾದ್‌ನ ಮತದಾರ ಗುರುಮಠಕಲ್‌ನಲ್ಲಿ ನಿಲ್ಲಬಹುದು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 5,000. ಚಲಾವಣೆಯಾದ ಕ್ರಮಬದ್ಧ ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಗುತ್ತದೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮಂದಿ ಬೇಕು.

ನಮ್ಮ ಮೂರು ಜಿಲ್ಲೆಯಲ್ಲಿ ಒಟ್ಟು 19 ಕ್ಷೇತ್ರಗಳಿವೆ: ಕಲಬುರಗಿಯಲ್ಲಿ 9, ಬೀದರ್‌ನಲ್ಲಿ 6, ಯಾದಗಿರಿಯಲ್ಲಿ 4.

ಸರ್ಕಾರಿ ಗುತ್ತಿಗೆದಾರ ಎಂಎಲ್‌ಎ ಆಗಬಹುದೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ.

ಗುತ್ತಿಗೆದಾರರ ಲೈಸೆನ್ಸ್ ಇದ್ದ ಮಾತ್ರಕ್ಕೆ ತೊಂದರೆ ಇಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ ನೋಡುವುದು ಒಂದನ್ನು ಮಾತ್ರ. ನಿಮ್ಮ ವ್ಯಾಪಾರದ ಭಾಗವಾಗಿ ರಾಜ್ಯ ಸರ್ಕಾರಕ್ಕೆ ಸರಕು ಪೂರೈಸುವ ಅಥವಾ ಸರ್ಕಾರದ ಕಾಮಗಾರಿ ಮಾಡುವ ಕರಾರು ಈಗ ಚಾಲ್ತಿಯಲ್ಲಿದೆಯೇ? ಇದ್ದರೆ ಅದು ಇರುವಷ್ಟು ಕಾಲ ಅನರ್ಹತೆ. ವಿಧಾನಸಭೆಯ ಮಟ್ಟಿಗೆ ರಾಜ್ಯ ಸರ್ಕಾರದ ಕರಾರಷ್ಟೇ ಲೆಕ್ಕ. ರೈಲ್ವೆ ಕೆಲಸ ಕೇಂದ್ರದ್ದು, ಈ ಕಲಂಗೆ ಸಿಗುವುದಿಲ್ಲ. ಮಹಾನಗರ ಪಾಲಿಕೆ, ನಿಗಮಗಳ ಕಾಮಗಾರಿಯಲ್ಲಿ ಪ್ರಕರಣಕ್ಕೊಂದು ವಾದ ಏಳುತ್ತದೆ, ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಕಾಮಗಾರಿ ಅರ್ಧಕ್ಕೆ ನಿಂತಿದ್ದರೆ “ನಾನು ಬಿಟ್ಟುಬಿಟ್ಟೆ” ಎಂದು ಕಾರ್ಯಪಾಲಕ ಎಂಜಿನಿಯರ್‌ಗೆ ಒಂದು ಅರ್ಜಿ ಕೊಟ್ಟು ನಾಮಪತ್ರಕ್ಕೆ ಓಡುವವರಿದ್ದಾರೆ. ಒಬ್ಬರೇ ಬರೆದ ಪತ್ರದಿಂದ ಕರಾರು ಮುಗಿಯಿತೆಂದು ನೆಚ್ಚಿಕೊಳ್ಳಬಾರದು. ಇಲಾಖೆ ಒಪ್ಪಿ ಕರಾರು ಕೊನೆಗೊಳಿಸಿದ ಆದೇಶ ನಾಮಪತ್ರ ಪರಿಶೀಲನೆಯ ದಿನಕ್ಕೆ ಕೈಯಲ್ಲಿರಬೇಕು. ಎದುರಾಳಿಯ ವಕೀಲ ಆ ದಿನ ಫೈಲು ಹಿಡಿದುಕೊಂಡೇ ಬಂದಿರುತ್ತಾನೆ.

ಕೆಲಸ ಮುಗಿದಿದೆ, ಬಿಲ್ ಬಾಕಿ ಇದೆ. ಆಗ?

ತೊಂದರೆ ಇಲ್ಲ. ನಿಮ್ಮ ಪಾಲಿನ ಕೆಲಸ ಪೂರ್ತಿ ಆಗಿದ್ದು, ಸರ್ಕಾರ ದುಡ್ಡು ಕೊಡುವುದಷ್ಟೇ ಬಾಕಿಯಿದ್ದರೆ ಆ ಕಾರಣಕ್ಕೆ ಕರಾರು ಚಾಲ್ತಿಯಲ್ಲಿದೆ ಎನ್ನುವಂತಿಲ್ಲ, ಕಾಯ್ದೆಯ ವಿವರಣೆಯಲ್ಲೇ ಹಾಗಿದೆ. ಇಲ್ಲದಿದ್ದರೆ ಬಿಲ್ಲಿಗಾಗಿ ವರ್ಷಗಟ್ಟಲೆ ಕಾಯುವ ನಮ್ಮ ಗುತ್ತಿಗೆದಾರರಲ್ಲಿ ಒಬ್ಬರೂ ಚುನಾವಣೆಗೆ ನಿಲ್ಲಲಾಗುತ್ತಿರಲಿಲ್ಲ.

ಟೆಂಡರನ್ನು ತಮ್ಮನ ಹೆಸರಿಗೆ, ಹೆಂಡತಿಯ ಹೆಸರಿಗೆ ಹಾಕಿದರೆ ಮುಗಿಯಿತಲ್ಲವೇ?

ನನ್ನ ಕಚೇರಿಯಲ್ಲಿ ಈ ಮಾತು ನಡೆಯುವುದು ಹೀಗೆ:

“ಎಲ್ಲಾ ತಮ್ಮನ ಹೆಸರಿಗಿ ಮಾಡಿಬಿಡ್ರಿ, ಮುಗದ್ ಹೋಯ್ತು.”

“ಸಾಹುಕಾರ್ರ, ಆ ಫರ್ಮಿನ್ಯಾಗ ನೀವೂ ಪಾಲುದಾರ್ರು ಅದೀರಲ್ರಿ?”

“ಅದು ಬರೇ ಕಾಗದದಾಗ.”

ಕಾನೂನು ನೋಡುವುದೂ ಆ ಕಾಗದವನ್ನೇ. ಪಾಲುದಾರಿಕೆ ಫರ್ಮು ಮಾಡಿದ ಕರಾರು ಅದರ ಪಾಲುದಾರರದ್ದೂ ಹೌದು. ನಿಜವಾಗಿ ಹೊರಗೆ ಬಂದು, ಪಾಲುದಾರಿಕೆ ಪತ್ರ ಬದಲಾಯಿಸಿ ನೋಂದಣಿ ಮಾಡಿಸಬೇಕು. ಕಂಪನಿಯ ಮಾತು ಬೇರೆ. ಕಂಪನಿ ಕಾನೂನಿನ ದೃಷ್ಟಿಯಲ್ಲಿ ಪ್ರತ್ಯೇಕ ವ್ಯಕ್ತಿ, ಅದರ ಷೇರುದಾರನಿಗೆ 9ಎ ಸುಲಭಕ್ಕೆ ತಾಗುವುದಿಲ್ಲ. ಹೆಂಡತಿ ಅಥವಾ ತಮ್ಮ ಸ್ವತಂತ್ರವಾಗಿ ಮಾಡುವ ವ್ಯಾಪಾರಕ್ಕೂ ತಾಗುವುದಿಲ್ಲ.

ಹಾಗಾಗಿ ಕಾನೂನಿನ ಬೇಲಿ ಇರುವುದು ತೀರಾ ಸಣ್ಣ ಜಾಗಕ್ಕೆ. ಅಣ್ಣ ಶಾಸಕ, ತಮ್ಮ ಗುತ್ತಿಗೆದಾರ, ಅಳಿಯ ಕ್ರಷರ್ ಮಾಲೀಕ. ಈ ಮನೆಯಲ್ಲಿ ಕಾಗದದ ಮೇಲೆ ಯಾರೂ ತಪ್ಪು ಮಾಡಿಲ್ಲ. ಆದರೂ ಅಣ್ಣ ಶಿಫಾರಸು ಮಾಡಿದ ರಸ್ತೆಗೆ ಕಡಿ (ಜಲ್ಲಿ) ಎಲ್ಲಿಂದ ಬರುತ್ತದೆ ಎಂದು ಊರಿನವರು ಕೇಳಬೇಕಾಗುತ್ತದೆ, ಕೇಳಲೂಬೇಕು.

ಪರಸಿ ಕಲ್ಲಿನ ಗಣಿ ಗುತ್ತಿಗೆ ಇದೆ. ಅದೂ ಸರ್ಕಾರದ ಜೊತೆಗಿನ ಕರಾರಲ್ಲವೇ?

ಕರಾರು ಹೌದು, ಆದರೆ ನೀವು ಸರ್ಕಾರಕ್ಕೆ ಸರಕು ಪೂರೈಸುತ್ತಿಲ್ಲ, ಕಾಮಗಾರಿ ಮಾಡಿಕೊಡುತ್ತಿಲ್ಲ. ಗಣಿ ಗುತ್ತಿಗೆಯನ್ನು ಹಾಗೆ ನೋಡಲಾಗದು ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿದೆ. ಅನರ್ಹತೆ ಬರುವುದಿಲ್ಲ. ರಾಜಧನ ಬಾಕಿ ಇದ್ದರೆ ಅದನ್ನು ಅಫಿಡವಿಟ್‌ನ ಸಾಲದ ಭಾಗದಲ್ಲಿ ಕಾಣಿಸಬೇಕು.

ಅಫಿಡವಿಟ್‌ನಲ್ಲಿ ಏನೇನು ಬರೆಯಬೇಕು?

ನಮೂನೆ 26. ವ್ಯಾಪಾರಿಯ ಪಾಲಿಗೆ ಇಡೀ ನಾಮಪತ್ರದಲ್ಲಿ ಬೆವರಿಳಿಸುವುದು ಇದೊಂದೇ. ಸ್ವಂತ, ಸಂಗಾತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು, ಹೀಗೆ ಕಾಲಂಗಳಿವೆ. ಪ್ರತಿಯೊಬ್ಬರ ಪ್ಯಾನ್, ಕಳೆದ ಐದು ವರ್ಷ ರಿಟರ್ನ್‌ನಲ್ಲಿ ತೋರಿಸಿದ ಆದಾಯ, ಚರ, ಸ್ಥಿರ ಆಸ್ತಿ, ಸಾಲ, ಸರ್ಕಾರಿ ಬಾಕಿ, ಕ್ರಿಮಿನಲ್ ಪ್ರಕರಣ. ಆದಾಯದ ಮೂಲ ಮತ್ತು ಸರ್ಕಾರದ ಜೊತೆಗಿನ ಕರಾರುಗಳ ವಿವರ ಈಚಿನ ವರ್ಷಗಳಲ್ಲಿ ಕಡ್ಡಾಯವಾಗಿ ಸೇರಿದವು. ಕರಾರಿನ ಕಾಲಂನಲ್ಲಿ ಅಭ್ಯರ್ಥಿಯದ್ದು, ಸಂಗಾತಿಯದ್ದು, ಅವಲಂಬಿತರದ್ದು, ಅವರು ಪಾಲುದಾರರಾಗಿರುವ ಫರ್ಮು, ಷೇರು ಇರುವ ಖಾಸಗಿ ಕಂಪನಿಯದ್ದು ಎಲ್ಲವೂ ಬರಬೇಕು. 9ಎ ಬಿಟ್ಟುಕೊಟ್ಟ ಜಾಗವನ್ನು ಈ ಕಾಲಂ ಸ್ವಲ್ಪ ಮಟ್ಟಿಗೆ ತುಂಬುತ್ತದೆ. ಕರಾರು ಮಾಡಬೇಡಿ ಎಂದು ಅದು ಹೇಳುವುದಿಲ್ಲ, ಇದ್ದರೆ ಬರೆಯಿರಿ ಎನ್ನುತ್ತದೆ.

ನಮ್ಮ ವ್ಯಾಪಾರಿ ಮನೆತನಗಳಲ್ಲಿ ಎಡವಟ್ಟಾಗುವುದು ಅವಿಭಕ್ತ ಕುಟುಂಬದ ಕಾಲಂನಲ್ಲಿ. ಗಂಜಿನ ಅಂಗಡಿ ಅಜ್ಜನ ಕಾಲದ ಕುಟುಂಬದ ಆಸ್ತಿಯಾಗಿರುತ್ತದೆ, ಮಿಲ್ ಅಣ್ಣತಮ್ಮಂದಿರ ಫರ್ಮಾಗಿರುತ್ತದೆ, ಮಿಲ್ ನಿಂತ ಜಾಗ ತಾಯಿಯ ಹೆಸರಲ್ಲಿರುತ್ತದೆ. ಅಭ್ಯರ್ಥಿ “ನನ್ನ ಹೆಸರಲ್ಲಿ ಏನೂ ಇಲ್ಲ” ಎಂದು ನಂಬಿಕೊಂಡೇ ಬಂದಿರುತ್ತಾರೆ, ಸುಳ್ಳು ಹೇಳುವ ಉದ್ದೇಶ ಇರುವುದಿಲ್ಲ. ಫರ್ಮಿನ ಬಂಡವಾಳ ಖಾತೆ ತೆಗೆದು ತೋರಿಸಿದಾಗ ಅವರ ಪಾಲು ಎಷ್ಟೆಂದು ಅವರಿಗೇ ಗೊತ್ತಾಗುತ್ತದೆ. ಫರ್ಮಿನಿಂದ ಕೈಗಡವಾಗಿ ಎತ್ತಿದ ಹಣ ಬಂಡವಾಳಕ್ಕಿಂತ ಹೆಚ್ಚಾಗಿದ್ದರೆ ಅದು ಸಾಲ, ಸಾಲದ ಕಾಲಂಗೆ ಹೋಗಬೇಕು.

ಸ್ಥಿರಾಸ್ತಿಗೆ ಕೊಂಡ ಬೆಲೆಯನ್ನೂ ಈಗಿನ ಮಾರುಕಟ್ಟೆ ಬೆಲೆಯನ್ನೂ ಬರೆಯಬೇಕು. ಬಹಳ ಮಂದಿ ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ದರವನ್ನೇ ಮಾರುಕಟ್ಟೆ ಬೆಲೆಯೆಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಸರ್ವೆ ನಂಬರ್ ಗೊತ್ತಿದ್ದವರು ಅದನ್ನು ಓದಿ ನಗುತ್ತಾರೆ.

ಯಾವ ಕಾಲಂ ಕೂಡ ಖಾಲಿ ಬಿಡುವಂತಿಲ್ಲ. ಇಲ್ಲದಿದ್ದರೆ “ಇಲ್ಲ” ಎಂದು ಬರೆಯಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಖಚಿತ ಮಾಡಿದೆ.

ಮನೆಯ ಪ್ರತಿ ಬಂಗಾರದ ಚೂರನ್ನೂ ಬರೆಯಬೇಕೇ? ಸುಳ್ಳು ಬರೆದರೆ?

2024ರ ಏಪ್ರಿಲ್‌ನಲ್ಲಿ ಅರುಣಾಚಲ ಪ್ರದೇಶದ ತೇಜು ಕ್ಷೇತ್ರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಬಟ್ಟೆ, ಪೀಠೋಪಕರಣದಂಥ ಪ್ರತಿಯೊಂದು ಚರ ವಸ್ತುವನ್ನೂ ಘೋಷಿಸಬೇಕಿಲ್ಲ, ಅದು ತನ್ನ ಮೌಲ್ಯದಿಂದಲೇ ಗಣನೀಯ ಆಸ್ತಿಯಾಗಿದ್ದರೆ ಅಥವಾ ಅಭ್ಯರ್ಥಿಯ ಐಷಾರಾಮಿ ಬದುಕನ್ನು ತೋರಿಸುವಂತಿದ್ದರೆ ಬರೆಯಬೇಕು. ಬಂಗಾರಕ್ಕೆ ನಮೂನೆಯಲ್ಲೇ ಜಾಗ ಇದೆ, ತೂಕ ಹಾಕಿ ಬರೆಯಿರಿ. ಗೊತ್ತಿದ್ದೂ ಸುಳ್ಳು ಬರೆದರೆ, ಮುಚ್ಚಿಟ್ಟರೆ 125ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಶಿಕ್ಷೆ ಸಣ್ಣದು. ದೊಡ್ಡದು ಹೈಕೋರ್ಟ್‌ನ ಚುನಾವಣಾ ತಕರಾರು ಅರ್ಜಿ, ಗೆದ್ದ ಸ್ಥಾನವೇ ಹೋಗಬಹುದು.

ಖರ್ಚಿನ ಮಿತಿ 40 ಲಕ್ಷ ಅಂತಾರೆ. ಅಷ್ಟರಲ್ಲಿ ಯಾರಾದರೂ ಗೆಲ್ಲುತ್ತಾರೆಯೇ?

2022ರ ಜನವರಿಯಲ್ಲಿ ಮಿತಿಯನ್ನು 30.8 ಲಕ್ಷದಿಂದ 40 ಲಕ್ಷಕ್ಕೆ ಏರಿಸಿದರು. 2023ರ ಮೇ 10ರ ಚುನಾವಣೆ ನಡೆದದ್ದು ಇದೇ ಮಿತಿಯಲ್ಲಿ. ಈ ಮಿತಿ ಅಭ್ಯರ್ಥಿಯ ಖರ್ಚಿಗೆ, ಪಕ್ಷದ ಸಾಮಾನ್ಯ ಪ್ರಚಾರದ ಖರ್ಚಿಗೆ ಮಿತಿಯೇ ಇಲ್ಲ. ತಾರಾ ಪ್ರಚಾರಕರ ಓಡಾಟದ ಖರ್ಚೂ ಹೊರಗೇ.

ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ಕೊಡುವುದಿದ್ದರೆ ನಗದು ನಡೆಯುವುದಿಲ್ಲ. ಫಲಿತಾಂಶದ 30 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ಸೋತವರೂ ಸಲ್ಲಿಸಬೇಕು, ಇದನ್ನು ಮರೆಯುವವರು ಬಹಳ. ಸಕಾರಣವಿಲ್ಲದೆ ಸಲ್ಲಿಸದಿದ್ದರೆ ಮೂರು ವರ್ಷ ಅನರ್ಹತೆ ಬೀಳಬಹುದು.

ಯಾರಾದರೂ ಗೆಲ್ಲುತ್ತಾರೆಯೇ ಎಂಬುದಕ್ಕೆ ನಾನು ಉತ್ತರ ಕೊಡಬೇಕಿಲ್ಲ. ಒಂದು ಹೋಬಳಿಯಲ್ಲಿ ಎಷ್ಟು ಜೀಪು ಓಡಿದವು, ಎಷ್ಟು ದಿನ ಒಲೆ ಉರಿಯಿತು ಎಂದು ಲೆಕ್ಕ ಹಾಕಿದರೆ ನಿಮಗೇ ಗೊತ್ತಾಗುತ್ತದೆ. ಸಲ್ಲಿಸಿದ ಖರ್ಚಿನ ರಿಜಿಸ್ಟರಿನಲ್ಲಿ ಶಾಮಿಯಾನ, ಧ್ವನಿವರ್ಧಕ, ಚಹಾ-ಸೂಸಲಾ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿ ಗೊತ್ತುಮಾಡಿದ ದರಪಟ್ಟಿಯೇ ಇರುತ್ತದೆ. ಅಷ್ಟು ನೀಟಾದ ಲೆಕ್ಕವನ್ನು ನನ್ನ ಯಾವ ಗಿರಾಕಿಯೂ ತಮ್ಮ ಅಂಗಡಿಗೆ ಬರೆದದ್ದನ್ನು ನಾನು ನೋಡಿಲ್ಲ.

ಅಂಗಡಿಯ ಅಥವಾ ಕಂಪನಿಯ ಖಾತೆಯಿಂದ ಪ್ರಚಾರಕ್ಕೆ ಖರ್ಚು ಮಾಡಬಹುದೇ?

ನೇರವಾಗಿ ಮಾಡಬೇಡಿ. ಫರ್ಮಿನಿಂದ ನಿಮ್ಮ ಪಾಲಿನ ಹಣ ಎತ್ತಿ, ಚುನಾವಣಾ ಖಾತೆಗೆ ಹಾಕಿ, ಅಲ್ಲಿಂದ ಖರ್ಚು ಮಾಡಿ. ಅದನ್ನು ವ್ಯಾಪಾರದ ಖರ್ಚೆಂದು ತೋರಿಸಿ ತೆರಿಗೆ ಉಳಿಸುವ ಆಸೆ ಬಿಡಿ. ಕಂಪನಿ ಪಕ್ಷಕ್ಕೆ ದೇಣಿಗೆ ಕೊಡಬಹುದು. ಆದರೆ ಅದು ಶುರುವಾಗಿ ಮೂರು ವರ್ಷವಾದರೂ ಆಗಿರಬೇಕು, ನಗದು ಕೂಡದು. 2024ರ ಫೆಬ್ರುವರಿ 15ರ ಚುನಾವಣಾ ಬಾಂಡ್ ತೀರ್ಪಿನಲ್ಲಿ ಮಿತಿಯಿಲ್ಲದ ಕಾರ್ಪೊರೇಟ್ ದೇಣಿಗೆಗೆ ದಾರಿ ಮಾಡಿದ್ದ ತಿದ್ದುಪಡಿಯೂ ಬಿದ್ದುಹೋಯಿತು.

ಗೆದ್ದ ಮೇಲೆ ವ್ಯಾಪಾರ ನಿಲ್ಲಿಸಬೇಕೇ?

ಶಾಸಕರು ನಿಲ್ಲಿಸಬೇಕಿಲ್ಲ. ಕಾನೂನು ಹಾಗೆ ಕೇಳುವುದಿಲ್ಲ. ಮಂತ್ರಿಯಾದರೆ ಸಚಿವರ ನಡತೆ ಸಂಹಿತೆ ಅನ್ವಯಿಸುತ್ತದೆ. ವ್ಯಾಪಾರದ ನಿರ್ವಹಣೆಯಿಂದ ದೂರ ಸರಿಯಬೇಕು, ಹಿತಾಸಕ್ತಿಯನ್ನು ಮುಖ್ಯಮಂತ್ರಿಗೆ ತಿಳಿಸಬೇಕು ಎನ್ನುತ್ತದೆ ಅದು. ಆದರೆ ಅದು ಸಂಹಿತೆ, ಕಾಯ್ದೆಯಲ್ಲ. ರಾಜ್ಯಸಭೆಯಲ್ಲಿ ಸದಸ್ಯರು ತಮ್ಮ ವ್ಯಾಪಾರ, ಷೇರು, ಸಂಬಳದ ನಿರ್ದೇಶಕಗಿರಿಯನ್ನು ಬರೆದಿಡುವ ಹಿತಾಸಕ್ತಿ ರಿಜಿಸ್ಟರ್ ಇದೆ. ಅಂಥದ್ದೊಂದು ರಿಜಿಸ್ಟರ್ ಪ್ರತಿ ರಾಜ್ಯದ ಶಾಸಕರಿಗೂ ಬೇಕು ಎಂಬುದು ನನ್ನ ಮಾತು. ಅಫಿಡವಿಟ್ ಐದು ವರ್ಷಕ್ಕೊಮ್ಮೆ ತೆಗೆದ ಫೋಟೋ, ಅದಾದ ಮರುದಿನವೇ ಹೊಸ ಕಂಪನಿ ಶುರುವಾದರೆ ಅದರಲ್ಲಿ ಕಾಣಿಸುವುದಿಲ್ಲ.

ಕರ್ನಾಟಕದಲ್ಲಿ ಒಂದು ಒಳ್ಳೆಯ ನಿಯಮ ಇದೆ. 1984ರ ಲೋಕಾಯುಕ್ತ ಕಾಯ್ದೆಯ 22ನೇ ಕಲಂ ಪ್ರಕಾರ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ-ಸಾಲದ ವಿವರವನ್ನು ಲೋಕಾಯುಕ್ತರಿಗೆ ಕೊಡಬೇಕು. ತಡ ಮಾಡಿದವರ ಹೆಸರು ಪತ್ರಿಕೆಗಳಲ್ಲಿ ಬರುವುದುಂಟು.

ಗೆದ್ದ ಮೇಲೂ 9ಎ ಬೆನ್ನು ಬಿಡುವುದಿಲ್ಲ. ಅವಧಿಯ ನಡುವೆ ಅಂಥ ಕರಾರು ಮಾಡಿಕೊಂಡರೆ ದೂರು ರಾಜ್ಯಪಾಲರಿಗೆ ಹೋಗುತ್ತದೆ, ಅವರು ಚುನಾವಣಾ ಆಯೋಗದ ಅಭಿಪ್ರಾಯ ಪಡೆದು ಅದರಂತೆ ತೀರ್ಮಾನಿಸಬೇಕು.

ಸಂಬಳ ಎಷ್ಟು? ಅದಕ್ಕೆ ತೆರಿಗೆ ಇದೆಯೇ?

2025ರ ಮಾರ್ಚ್‌ನಲ್ಲಿ ಮಸೂದೆ ಪಾಸಾಗಿ ಶಾಸಕರ ಮೂಲ ವೇತನ ತಿಂಗಳಿಗೆ 40,000ದಿಂದ 80,000 ರೂಪಾಯಿಗೆ ಏರಿತು. ಭತ್ಯೆಗಳು ಬೇರೆ. ತೆರಿಗೆ ಇದೆ. ಆದರೆ ರಿಟರ್ನ್‌ನಲ್ಲಿ ಇದು “ಸಂಬಳ” ಎಂಬ ಶೀರ್ಷಿಕೆಯಲ್ಲಿ ಬರುವುದಿಲ್ಲ, ಶಾಸಕರಿಗೆ ಮಾಲೀಕ ಇಲ್ಲವಲ್ಲ. “ಇತರ ಮೂಲಗಳ ಆದಾಯ”ದಲ್ಲಿ ತೋರಿಸಬೇಕು. ಜಿಎಸ್‌ಟಿಯವರೂ ಶಾಸಕರ ಕೆಲಸವನ್ನು ಸರಕೂ ಅಲ್ಲ, ಸೇವೆಯೂ ಅಲ್ಲ ಎಂದು ಪಟ್ಟಿ ಮಾಡಿದ್ದಾರೆ. ಓದಿದಾಗಲೆಲ್ಲ ನನಗೆ ನಗು ಬರುತ್ತದೆ.

ದಾಲ್ ಮಿಲ್ ಮಾಲೀಕರು ಶಾಸಕರಾದರೆ ತೊಗರಿ ರೈತರಿಗೆ ಒಳ್ಳೆಯದಲ್ಲವೇ? ಅವರಿಗೆ ಕಷ್ಟ ಗೊತ್ತಿರುತ್ತದೆ.

ಕಷ್ಟ ಗೊತ್ತಿರುತ್ತದೆ, ನಿಜ. ತೊಗರಿಯ ತೇವಾಂಶ ಕೈಯಲ್ಲಿ ಹಿಡಿದೇ ಹೇಳುತ್ತಾರೆ, ನೆಟೆ ರೋಗ ಬಿದ್ದ ವರ್ಷ ಕಾಳು ಹೇಗೆ ಸಣ್ಣಗಾಗುತ್ತದೆ ಎಂಬುದನ್ನು ಅಧಿಕಾರಿಗಿಂತ ಚೆನ್ನಾಗಿ ವಿವರಿಸುತ್ತಾರೆ. ಆದರೆ ಗಂಜಿನಲ್ಲಿ ಸವಾಲು (ಹರಾಜು) ನಡೆಯುವಾಗ ಇವರು ನಿಲ್ಲುವುದು ಕೊಳ್ಳುವವರ ಸಾಲಿನಲ್ಲಿ.

2024-25ರ ಹಂಗಾಮಿಗೆ ಕೇಂದ್ರ ತೊಗರಿಗೆ ಕ್ವಿಂಟಲ್‌ಗೆ 7,550 ರೂಪಾಯಿ ಬೆಂಬಲ ಬೆಲೆ ಇಟ್ಟಿತು. ರಾಜ್ಯ ಸರ್ಕಾರ 450 ಸೇರಿಸಿ 8,000 ಮಾಡಿತು. ಖರೀದಿ ಕೇಂದ್ರ ಬೇಗ ತೆರೆದು, ಚೀಲ ಸಾಕಷ್ಟು ಬಂದು, ದುಡ್ಡು ತಡವಾಗದೆ ಜಮೆಯಾದರೆ ರೈತ ಅಲ್ಲಿಗೆ ಹೋಗುತ್ತಾನೆ. ಕೇಂದ್ರ ತಡವಾದರೆ, ಸಾಲಗಾರ ಮನೆ ಮುಂದೆ ನಿಂತರೆ ಗಂಜಿಗೆ ಬರುತ್ತಾನೆ. ಅವನು ಗಂಜಿಗೆ ಬಂದಷ್ಟೂ ಮಿಲ್‌ಗೆ ಕಾಳು ಅಗ್ಗ. ಹಾಗಾದರೆ ಖರೀದಿ ಕೇಂದ್ರ ಬೇಗ ತೆರೆಯಿರಿ ಎಂದು ಸದನದಲ್ಲಿ ಗಟ್ಟಿ ದನಿ ಎತ್ತುವ ಮಿಲ್ ಮಾಲೀಕ ತನ್ನ ಖರೀದಿ ಖರ್ಚನ್ನು ತಾನೇ ಏರಿಸಿಕೊಳ್ಳುತ್ತಾನೆ.

ಆಮದು ನೋಡಿ. ಮೊಜಾಂಬಿಕ್, ತಾಂಜಾನಿಯಾ, ಮ್ಯಾನ್ಮಾರ್‌ಗಳಿಂದ ಸುಂಕವಿಲ್ಲದೆ ತೊಗರಿ ಬಂದರೆ ಮಿಲ್‌ಗೆ ವರ್ಷಪೂರ್ತಿ ಕಾಳು, ರೈತನಿಗೆ ಬೆಲೆ ಕುಸಿತ. 2023ರ ಜೂನ್‌ನಲ್ಲಿ ಕೇಂದ್ರ ದಾಸ್ತಾನಿನ ಮೇಲೆ ಮಿತಿ ಹೇರಿತ್ತು: ಸಗಟು ವ್ಯಾಪಾರಿಗೆ 200 ಟನ್, ಮಿಲ್‌ಗೆ ಹಿಂದಿನ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ 25, ಯಾವುದು ಹೆಚ್ಚೋ ಅದು. ಅದರಿಂದ ಮಿಲ್‌ನವರೂ ರೈತರೂ ಒಟ್ಟಿಗೇ ಬೈದರು. ಖರೀದಿದಾರನ ಕೈ ಕಟ್ಟಿದರೆ ಸವಾಲಿನಲ್ಲಿ ಬೆಲೆ ಏರುವುದಿಲ್ಲವಲ್ಲ.

ಅಂದರೆ ಎಲ್ಲ ವಿಷಯದಲ್ಲೂ ಎದುರಾಬದುರು ಇರುವುದಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದನ್ನು ಬ್ರ್ಯಾಂಡ್ ಮಾಡಿ ಮಾರಿದರೆ ಇಬ್ಬರಿಗೂ ಲಾಭ. ಗೋದಾಮು, ರಸ್ತೆ, ಕರೆಂಟು, ರೈಲ್ವೆ ವ್ಯಾಗನ್, ಇವು ಇಬ್ಬರಿಗೂ ಬೇಕು. ಇಂಥ ಕೆಲಸಗಳನ್ನು ಮಿಲ್ ಮಾಲೀಕ ಶಾಸಕ ಚೆನ್ನಾಗಿ ಮಾಡಿಸಬಲ್ಲ. ಬೆಲೆಯ ವಿಷಯ ಬಂದಾಗ ಮಾತ್ರ ಅವರು ಏನು ಮಾತಾಡಿದರು ಎಂಬುದಕ್ಕಿಂತ ಯಾವ ವಾರ ಸುಮ್ಮನಿದ್ದರು ಎಂದು ನೋಡಬೇಕು.

ಸಕ್ಕರೆಯಲ್ಲೂ ಹೀಗೆಯೇ?

ಹೆಚ್ಚುಕಡಿಮೆ ಹೀಗೆಯೇ, ಒಂದು ತಿರುವು ಇದೆ. ಬೀದರ್‌ನ ಹಳ್ಳಿಖೇಡದ ಬಿಎಸ್‌ಎಸ್‌ಕೆ, ಇಮಾಂಪುರದ ನಾರಂಜಾ, ಹುಣಜಿಯ ಮಹಾತ್ಮ ಗಾಂಧಿ ಕಾರ್ಖಾನೆಗಳು ಸಹಕಾರಿ. ಅಲ್ಲಿ ಕಬ್ಬು ಬೆಳೆಗಾರನೇ ಷೇರುದಾರ, ಮತದಾರ. ಕಬ್ಬು ಕೊಟ್ಟ 14 ದಿನದಲ್ಲಿ ದುಡ್ಡು ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಉಳಿಸಿಕೊಂಡ ಕಾರ್ಖಾನೆಯ ಅಧ್ಯಕ್ಷರೇ ಶಾಸಕರಾಗಿದ್ದರೆ ರೈತ ಧರಣಿ ಕೂರುವುದು ಯಾರ ಮನೆ ಮುಂದೆ? ಖಾಸಗಿ ಕಾರ್ಖಾನೆಯಾದರೆ ಸಿಟ್ಟಿಗೆ ಒಂದು ವಿಳಾಸವಾದರೂ ಇರುತ್ತದೆ.

ವ್ಯಾಪಾರದ ಅನುಭವ ಸದನದಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಬಜೆಟ್ ಪುಸ್ತಕ ಓದಲು ಬರುತ್ತದೆ, ಇದು ಸಣ್ಣ ಮಾತಲ್ಲ. ಹಂಚಿಕೆ ಎಷ್ಟು, ಬಿಡುಗಡೆ ಎಷ್ಟು, ಖರ್ಚು ಎಷ್ಟು ಎಂದು ಮೂರು ಕಾಲಂ ಪಕ್ಕ ಪಕ್ಕ ಇಟ್ಟು ನೋಡುವ ಅಭ್ಯಾಸ ವ್ಯಾಪಾರಿಗೆ ಇರುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಯನ್ನು (ಸದನದಲ್ಲೇ ಮಂತ್ರಿ ಉತ್ತರ ಹೇಳಬೇಕಾದದ್ದು) ಸರಿಯಾಗಿ ಬರೆದರೆ ಇಲಾಖೆ ತಪ್ಪಿಸಿಕೊಳ್ಳಲಾಗದು.

ಕೊರತೆ ತಾಳ್ಮೆಯಲ್ಲಿ. ಅಂಗಡಿಯಲ್ಲಿ ತಾನು ಹೇಳಿದರೆ ಸಂಜೆಯೊಳಗೆ ಆಗುತ್ತದೆ. ಸರ್ಕಾರದಲ್ಲಿ ಒಂದು ಕಲ್ವರ್ಟ್‌ಗೆ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಆಡಳಿತಾತ್ಮಕ ಮಂಜೂರಾತಿ, ಟೆಂಡರ್. ಮೊದಲ ವರ್ಷ ಇಷ್ಟರಲ್ಲೇ ಹೋಗುತ್ತದೆ, ಎರಡನೇ ವರ್ಷ ಅಧಿಕಾರಿಗಳ ಮೇಲೆ ರೇಗಾಟ. ಮೂರನೇ ವರ್ಷಕ್ಕೆ ಕೆಲವರು ಕಲಿಯುತ್ತಾರೆ, ಕೆಲವರು ಸದನಕ್ಕೆ ಹೋಗುವುದನ್ನೇ ಬಿಡುತ್ತಾರೆ. ಬೆಳಗಾವಿ ಅಧಿವೇಶನ ಹೇಗೂ ನಡೆಯುವುದು ಡಿಸೆಂಬರ್‌ನಲ್ಲಿ, ನಮ್ಮ ಕಡೆ ತೊಗರಿ ರಾಶಿಯ ಹೊತ್ತಿಗೆ. ಯಾವುದು ಮುಖ್ಯ ಎಂದು ಅಡತ್ ಅಂಗಡಿಯವರನ್ನು ಕೇಳಬೇಡಿ.

ಶಾಸಕರ ಕೈಯಲ್ಲಿ ನಿಜವಾಗಿ ಎಷ್ಟು ಅಧಿಕಾರ ಇರುತ್ತದೆ?

ಕ್ಷೇತ್ರಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ. ಶಾಸಕರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಧಿಕಾರಿ. ಇದಕ್ಕಿಂತ ತೂಕದ್ದು ಸಮಿತಿಗಳು. ಅಭಿವೃದ್ಧಿ ಕೆಲಸ ಪರಿಶೀಲಿಸುವ ತಾಲ್ಲೂಕು ಕೆಡಿಪಿ ಸಭೆ, ಮನೆ ಹಂಚುವ ಆಶ್ರಯ ಸಮಿತಿ, ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡುವ ಬಗರ್‌ಹುಕುಂ ಸಮಿತಿಗಳ ಅಧ್ಯಕ್ಷತೆ ಶಾಸಕರದ್ದೇ. ಯಾರ ಹೊಲ ಸಕ್ರಮ ಆಗಬೇಕು ಎಂಬ ಪಟ್ಟಿ ಅವರ ಮೇಜಿನ ಮೇಲಿರುತ್ತದೆ. ಭೂಮಿ ವ್ಯಾಪಾರದಿಂದ ಬಂದವರು ಆ ಕುರ್ಚಿಯಲ್ಲಿ ಕೂತಾಗ ನಡಾವಳಿಯ ಪುಟಗಳನ್ನು ಕೇಳಿ ಓದುವುದು ಒಳ್ಳೆಯದು.

ನಮ್ಮ ಭಾಗಕ್ಕೆ ಇನ್ನೊಂದು ಇದೆ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ 2013ರಲ್ಲಿ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿ, ಈಗಿನ ಕೆಕೆಆರ್‌ಡಿಬಿ (ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ), ಕಲಬುರಗಿಯಲ್ಲೇ ಇದೆ. ಏಳು ಜಿಲ್ಲೆ, 41 ಕ್ಷೇತ್ರ. ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆಯಾಗಿದೆ. ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ವರದಿಯ ಹಿಂದುಳಿದ ತಾಲ್ಲೂಕುಗಳ ಲೆಕ್ಕದಲ್ಲಿ ಹಂಚಿಕೆ. ಹಾಗಾಗಿ ಹಳೆ ಮೈಸೂರಿನ ಶಾಸಕರಿಗಿಂತ ಇಲ್ಲಿನ ಶಾಸಕರ ಕ್ಷೇತ್ರದಲ್ಲಿ ಕಾಮಗಾರಿಯ ದುಡ್ಡು ಹೆಚ್ಚು ಓಡಾಡುತ್ತದೆ. ಗುತ್ತಿಗೆಯ ಹಿನ್ನೆಲೆಯವರಿಗೆ ಇಲ್ಲಿ ಟಿಕೆಟ್ ಮೇಲೆ ಅಷ್ಟು ಕಣ್ಣು ಏಕೆ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ.

ಮಂತ್ರಿ ಆಗುವ ಅವಕಾಶ ಎಷ್ಟು?

ಸಂವಿಧಾನದ 91ನೇ ತಿದ್ದುಪಡಿಯ ಪ್ರಕಾರ ಸಂಪುಟ ಸದನದ ಶೇ 15 ಮೀರುವಂತಿಲ್ಲ. 224ಕ್ಕೆ ಮುಖ್ಯಮಂತ್ರಿ ಸೇರಿ 34. ಉಳಿದವರಿಗೆ ನಿಗಮ-ಮಂಡಳಿ. ಆ ಹುದ್ದೆಗಳು ಲಾಭದಾಯಕ ಹುದ್ದೆಯ ಅನರ್ಹತೆಗೆ ಸಿಗದಂತೆ 1956ರ ರಾಜ್ಯ ಕಾಯ್ದೆಯಲ್ಲಿ ವಿನಾಯಿತಿ ಪಟ್ಟಿ ಇದೆ.

ಪಕ್ಷೇತರನಾಗಿ ಗೆದ್ದು ಆಮೇಲೆ ಆಳುವ ಪಕ್ಷ ಸೇರಬಹುದೇ?

ಸೇರಿದರೆ ಸದಸ್ಯತ್ವ ಹೋಗುತ್ತದೆ, ಪಕ್ಷಾಂತರ ತಡೆಯುವ ಸಂವಿಧಾನದ ಹತ್ತನೇ ಅನುಸೂಚಿಯಲ್ಲಿ ಸ್ಪಷ್ಟವಾಗಿದೆ. ಹೊರಗಿನಿಂದ ಬೆಂಬಲ ಕೊಡಬಹುದು. ಸರಕು ಎತ್ತುವ ಮುಂಚೆ ಬೆಲೆ ಮಾತಾಡುವ ಅಭ್ಯಾಸದವರು ಇದನ್ನು ತಡವಾಗಿ ತಿಳಿಯುತ್ತಾರೆ.

ಸೋತರೆ ವ್ಯಾಪಾರಕ್ಕೆ ಹೊಡೆತ ಬೀಳುತ್ತದೆಯೇ?

ಬೀಳುತ್ತದೆ. ದುಡ್ಡು ಹೋದದ್ದಕ್ಕಿಂತ ಗಂಜಿನಲ್ಲಿ ಉದ್ರಿ ನಿಲ್ಲುವುದು ದೊಡ್ಡದು. ನಿನ್ನೆವರೆಗೆ ಬಾಯಿಮಾತಿನ ಮೇಲೆ ಮಾಲು ಕೊಟ್ಟವರು ಇವತ್ತು ಚೆಕ್ ಕೇಳುತ್ತಾರೆ. ಅಣ್ಣತಮ್ಮಂದಿರು ಫರ್ಮಿನ ಪುಸ್ತಕ ತೆಗೆದು ಯಾರು ಎಷ್ಟು ಎತ್ತಿದರೆಂದು ನೋಡುತ್ತಾರೆ. ನಾನು ಕಂಡ ಕೆಲವು ಪಾಲು ಪಂಚಾಯಿತಿಗಳು ಚುನಾವಣೆಯ ಮರುವರ್ಷದವು. ನಿಲ್ಲುವ ಮುಂಚೆಯೇ ಫರ್ಮಿನಿಂದ ಎಷ್ಟು ಎತ್ತಬಹುದು ಎಂದು ಪಾಲುದಾರರ ಸಹಿ ಹಾಕಿಸಿಕೊಳ್ಳಿ ಎಂದು ಹೇಳುತ್ತೇನೆ. ಟಿಕೆಟ್ ಸಿಕ್ಕ ಹುರುಪಿನಲ್ಲಿ ಯಾರೂ ಕೇಳುವುದಿಲ್ಲ.

ನಮ್ಮ ಕ್ಷೇತ್ರದವರ ಅಫಿಡವಿಟ್ ಎಲ್ಲಿ ಸಿಗುತ್ತದೆ? ಯಾವ ಪುಟ ಮೊದಲು ನೋಡಬೇಕು?

ಚುನಾವಣಾ ಆಯೋಗದ ಜಾಲತಾಣದಲ್ಲಿ, ರಾಜ್ಯ ಮುಖ್ಯ ಚುನಾವಣಾಧಿಕಾರಿಯ ತಾಣದಲ್ಲಿ ಸಿಗುತ್ತದೆ. ನಾಮಪತ್ರದ ದಿನಗಳಲ್ಲಿ ಚುನಾವಣಾಧಿಕಾರಿ ಕಚೇರಿಯ ಸೂಚನಾ ಫಲಕದ ಮೇಲೂ ಹಚ್ಚುತ್ತಾರೆ. ಒಟ್ಟು ಆಸ್ತಿ ಎಷ್ಟು ಕೋಟಿ ಎಂದು ಎಲ್ಲರೂ ನೋಡುತ್ತಾರೆ, ಪತ್ರಿಕೆಯಲ್ಲೂ ಅದೇ ಬರುತ್ತದೆ. ನೀವು ಮೊದಲು ಸಾಲದ ಪುಟ ನೋಡಿ: ಯಾರಿಂದ ಎಷ್ಟು ತಂದಿದ್ದಾರೆ. ಆಮೇಲೆ ಸರ್ಕಾರದ ಜೊತೆಗಿನ ಕರಾರಿನ ಕಾಲಂ, ಅದರಲ್ಲಿ ಸಂಗಾತಿಯ ಮತ್ತು ಫರ್ಮಿನ ಸಾಲುಗಳು. ಕೊನೆಗೆ ಐದು ವರ್ಷದ ಆದಾಯವನ್ನು ಹೊಸದಾಗಿ ಕೊಂಡ ಆಸ್ತಿಯ ಪಕ್ಕ ಇಡಿ. ಎರಡನೇ ಸಲ ನಿಂತವರಾದರೆ 2018ರದ್ದನ್ನೂ 2023ರದ್ದನ್ನೂ ಇಳಿಸಿಕೊಂಡು ಸರ್ವೆ ನಂಬರ್ ತಾಳೆ ನೋಡಿ. ಸ್ಕ್ಯಾನ್ ಮಸುಕಾಗಿ ಅಂಕಿ ಕಾಣದಿದ್ದರೆ ಚುನಾವಣಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಟ್ಟು ಪ್ರತಿ ಪಡೆಯಬಹುದು.